ಯಾರ ಪಾಲಿಗೋ ಈ ಗೋಡೆ!

"ಒಡೀರಿ ಅದನ್ನ!"

ಯಾನೀನಾ ತಲೆಯೆತ್ತಿ ನೋಡಿದಳು. ಮೊಣಕಾಲಿನವರೆಗೆ ಸುಣ್ಣದ ಧೂಳು ಮೆತ್ತಿಕೊಂಡಿದ್ದ ಒಬ್ಬ ಗಂಡಸು ಅವಳ ಗೋಡೆಯ ಮುಂದೆ ನಿಂತಿದ್ದ. ಅವಳ ಗೋಡೆ! ಬೆಳಗಿನ ಎಂಟು ಗಂಟೆಯಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಸೊಂಟದೆತ್ತರಕ್ಕೆ ಎಬ್ಬಿಸಿದ್ದ, ಅವಳ ಬದುಕಿನ ಮೊಟ್ಟಮೊದಲ ಗೋಡೆ.

"ಏನಂದ್ರಿ?"

"ಒಡೀರಿ ಅಂದೆ. ಸೊಟ್ಟಗಿದೆ." ಅವನು ತೂಗುಗುಂಡನ್ನು ಇಳಿಬಿಟ್ಟ. ದಾರ ಮೇಲುಗಡೆ ಗೋಡೆಗೆ ತಾಗಿಕೊಂಡು, ಬುಡದಲ್ಲಿ ಎರಡು ಬೆರಳು ದೂರ ನಿಂತಿತು.

"ಎರಡು ಬೆರಳು ತಾನೇ!"

"ಇಲ್ಲಿ ಎರಡು ಬೆರಳು. ಸೂರು ಮುಟ್ಟೋ ಹೊತ್ತಿಗೆ ಒಂದು ಗೇಣು."

"ಮೇಲೆ ಗಾರೆ ಬಳಿದ್ರೆ ಮುಚ್ಚಿಹೋಗುತ್ತೆ ಬಿಡಿ!"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬೂಟುಗಾಲಿನಿಂದ ಒಂದೇ ಒಂದು ಒದೆ ಕೊಟ್ಟ. ಹಸಿ ಗೋಡೆ ದಡದಡನೆ ಉರುಳಿತು.

ಅಂಗಳದಲ್ಲಿದ್ದ ಹನ್ನೆರಡು ಕುಟುಂಬಗಳ ಕಣ್ಣೂ ಇತ್ತ ತಿರುಗಿತು. ಯಾರೋ ಕಿಸಕ್ಕೆಂದರು.

"ನಿನಗೇನು ತಲೆ ಕೆಟ್ಟಿದೆಯಾ?!" ಯಾನೀನಾ ಕಿರುಚಿದಳು. ಏಳು ವರ್ಷ ಮೊಂಟೆವಿಡಿಯೊ ನಗರದ ಬಸ್ಸುಗಳಲ್ಲಿ ಕಂಡಕ್ಟರಾಗಿ ಪಳಗಿದ ಗಂಟಲು ಅದು. ಬೀದಿ ತುದಿಯ ಬೇಕರಿಯವನೂ ಇಣುಕಿ ನೋಡಿದ. "ನಾಲ್ಕು ಗಂಟೆ ಬೆನ್ನು ಮುರಿದಿದ್ದೀನಿ! ನನ್ನ ಕೈ ನೋಡು!"

"ನೋಡಿದೆ. ನಾಳೆ ಕೈಗವಸು ತನ್ನಿ."

"ನನ್ನ ಗೋಡೆ ಒದೆಯೋಕೆ ನೀನ್ಯಾರು?"

"ಇದು ನಿಮ್ಮ ಗೋಡೆ ಅಲ್ಲ. ನನ್ನದೂ ಅಲ್ಲ. ಯಾರ ಪಾಲಿಗೆ ಬರುತ್ತೋ ಅವರದು." ಅವನು ಬಗ್ಗಿ ಒಂದು ಇಟ್ಟಿಗೆ ಎತ್ತಿಕೊಂಡು, ಅಂಟಿದ್ದ ಗಾರೆಯನ್ನು ಕರಣೆಯಿಂದ ಕೆರೆಯತೊಡಗಿದ. "ಯಾರದೋ ಮಗು ಇದಕ್ಕೆ ಒರಗಿ ಮಲಗುತ್ತೆ. ಬನ್ನಿ, ನಾನೂ ಕೈಹಾಕ್ತೀನಿ. ಸಂಜೆಯೊಳಗೆ ಎದ್ದು ನಿಲ್ಲುತ್ತೆ."

ಅವನ ಹೆಸರು ಗಾಸ್ತೋನ್ ಎಂದು ಆಮೇಲೆ ತಿಳಿಯಿತು. ಹೊಟ್ಟೆಪಾಡಿಗೆ ನೆಲಕ್ಕೆ ಟೈಲ್ಸ್ ಹಾಕುವವನು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ, ಬಿಟ್ಟುಹೋದವರೊಬ್ಬರ ಜಾಗಕ್ಕೆ ಆ ವಾರವಷ್ಟೇ ಸಂಘಕ್ಕೆ ಸೇರಿದವನು.

'ಇವನ ಮುಖ ಇನ್ನೊಂದು ಸಲ ನೋಡಬೇಕಾ ದೇವರೇ...' ಎಂದುಕೊಂಡಳು ಯಾನೀನಾ. ನೋಡಲೇಬೇಕಿತ್ತು. ಪ್ರತಿ ಕುಟುಂಬವೂ ಇಲ್ಲಿ ದುಡಿಯಬೇಕಾದದ್ದು ವಾರಕ್ಕೆ ಇಪ್ಪತ್ತೊಂದು ಗಂಟೆ, ಎರಡು ವರ್ಷ!

ಬಂದರಿನ ಪಕ್ಕದ ಆ ಹಳೇ ಕಟ್ಟಡ ಇಪ್ಪತ್ತು ವರ್ಷ ಪಾಳುಬಿದ್ದಿತ್ತು. ಅದನ್ನು ಕೆಡವಿ ಹೋಟೆಲು ಕಟ್ಟಲು ಕಾದಿದ್ದವರಿದ್ದರು. ಆದರೆ ವಠಾರದ ಬಾಡಿಗೆ ಕೋಣೆಗಳಲ್ಲಿ ಕೊಳೆಯುತ್ತಿದ್ದ ಹನ್ನೆರಡು ಕುಟುಂಬಗಳು ಸೇರಿ ಸಹಕಾರಿ ಸಂಘ ಕಟ್ಟಿಕೊಂಡು, ಒಂಬತ್ತು ವರ್ಷ ಕಚೇರಿಯ ಮೆಟ್ಟಿಲು ಸವೆಸಿ, ನಗರಸಭೆಯಿಂದ ಅದನ್ನು ಪಡೆದಿದ್ದರು. ಅದರೊಳಗೆ ಹನ್ನೆರಡು ಮನೆ ಕಟ್ಟಿಕೊಳ್ಳಲು ಸಾಲ ಸರ್ಕಾರದ್ದು, ಬೆವರು ತಮ್ಮದು. ಬೇಕರಿಯವನು ನೀರು ಕೊಟ್ಟ. ಬೀದಿಯ ಫುಟ್ಬಾಲ್ ಕ್ಲಬ್ಬು ಸಭೆಗೆ ಹಾಲ್ ಕೊಟ್ಟಿತು. ಬದಲಿಗೆ ಕೆಳಗಿನ ದೊಡ್ಡ ಕೋಣೆ ಇಡೀ ಬೀದಿಯ ಮಕ್ಕಳಿಗೆ ಶಿಶುವಿಹಾರವಾಗಬೇಕು ಎಂಬ ಮಾತಾಗಿತ್ತು.

ಒಂದು ಕಟ್ಟಳೆಯನ್ನು ಮಾತ್ರ ಯಾರೂ ಮೀರುವಂತಿರಲಿಲ್ಲ. ಹನ್ನೆರಡು ಮನೆಗಳೂ ಮುಗಿದ ಮೇಲೆಯೇ ಚೀಟಿ ಎತ್ತುವುದು. ಅಲ್ಲಿಯವರೆಗೆ ಯಾರ ಮನೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ತನ್ನದನ್ನು ಚಿನ್ನದಂತೆ, ಪರರದನ್ನು ತಗಡಿನಂತೆ ಕಟ್ಟುವುದಿಲ್ಲವೇ ಮನುಷ್ಯ?

ಇನ್ನೊಂದು ಪದ್ಧತಿ ಮುದುಕ ಎಲ್ಬಿಯೊ ಮೇಸ್ತ್ರಿಯದು. ಮುಚ್ಚಿಹೋಗುವ ಕೆಲಸ ಯಾವುದೇ ಇರಲಿ, ಅದನ್ನು ಮಾಡಿದವರು ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಮ್ಮ ಹೆಸರು ಗೀಚಬೇಕು.

"ಯಾರು ನೋಡ್ತಾರೆ ಮೇಸ್ತ್ರಿ, ಟೈಲ್ಸ್ ಕೆಳಗೆ?" ಎಂದು ಯಾನೀನಾ ಕೇಳಿದ್ದಳು.

"ಯಾರೂ ನೋಡಲ್ಲ. ಅದಕ್ಕೇ ಗೀಚಬೇಕು, ಮಗಳೇ."

---

ದ್ವೇಷ ಯಾವಾಗ ಕರಗಿತು? ಯಾನೀನಾಳಿಗೇ ಗೊತ್ತಿರಲಿಲ್ಲ.

ಅವರಿಬ್ಬರೂ ಜಗಳವಾಡದ ದಿನವಿರಲಿಲ್ಲ. ರಸಮಟ್ಟ ಎಲ್ಲಿಟ್ಟೆ ಎಂದು ಜಗಳ. ಮರಳು ಹೆಚ್ಚಾಯಿತು ಎಂದು ಜಗಳ. ಮಾಟೆ ಚಹಾದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತಿ ಬರುವಾಗ ಅವನು ಹೀರುವ ಕೊಳವೆಯನ್ನು ಅಲ್ಲಾಡಿಸುತ್ತಾನೆ ಎಂದು ಜಗಳ!

"ನಿನ್ನ ಬಸ್ಸಲ್ಲೂ ಹೀಗೇ ಕಿರುಚ್ತೀಯಾ?"

"ನನ್ನ ಬಸ್ಸಲ್ಲಾಗಿದ್ರೆ ನಿನ್ನ ನಡುದಾರೀಲಿ ಇಳಿಸ್ತಿದ್ದೆ!"

ಮಳೆ ಬಂದ ದಿನ ಕೆಲಸ ನಿಲ್ಲುತ್ತಿತ್ತು. ಅವಳ ತಾಯಿ ನೆಲ್ಲಿ ತಗಡಿನ ಚಪ್ಪರದ ಕೆಳಗೆ ರೊಟ್ಟಿ ಕರಿಯುತ್ತಿದ್ದಳು. ಬಿಸಿಬಿಸಿ ಮೊದಲ ರೊಟ್ಟಿಗೆ ಸಕ್ಕರೆ ಉದುರಿಸಿ ಗಾಸ್ತೋನ್ ಯಾರಿಗೆ ಚಾಚುತ್ತಾನೆ ಎಂಬುದನ್ನು ಎಲ್ಲರೂ ಗಮನಿಸಿದ್ದರು. ಮಿರ್ತಾ ಅಂತೂ ಬಾಯಿಬಿಟ್ಟೇ ಆಡಿದಳು. ಐದು ಮಕ್ಕಳ ತಾಯಿ, ಬೀದಿಗೆಲ್ಲ ಒಂದೇ ನಾಲಿಗೆ.

"ಈ ಹುಡುಗನಿಗೆ ಸಿಮೆಂಟು ಗಟ್ಟಿಯಾಗೋ ಮುಂಚೆ ಮಾತಾಡೋಕೆ ಹೇಳ್ರೇ!"

ಯಾನೀನಾಳ ಕಿವಿ ಕೆಂಪಾಗಿತ್ತು.

ಆದ್ದರಿಂದಲೇ ಆ ಆಗಸ್ಟ್ ಇಪ್ಪತ್ತನಾಲ್ಕರ ರಾತ್ರಿ ಅಷ್ಟು ನೋವಾದದ್ದು. ಇಡೀ ದೇಶ ಹಳೇ ಹಾಡುಗಳಿಗೆ ಕುಣಿಯುವ ರಾತ್ರಿ. ಕ್ಲಬ್ಬಿನ ಹಾಲಿನಲ್ಲಿ ಗಾಸ್ತೋನ್ ಅವಳ ಕೈಹಿಡಿದು ಒಂದು ಹಾಡಿಗೆ ಕುಣಿದ. ಏನೋ ಹೇಳಲು ಬಾಯಿ ತೆರೆದ... ಗಡಿಯಾರ ನೋಡಿದ.

"ನಾನು ಹೋಗ್ಬೇಕು."

"ಈಗಲಾ?"

"ಕಾವಲು ಸರದಿ. ಬದಲು ಮಾಡಿಕೊಂಡೆ."

ಯಾರ ಬಲವಂತವೂ ಇಲ್ಲದೆ, ಇಂಥ ರಾತ್ರಿಯಲ್ಲಿ, ಪಾಳು ಕಟ್ಟಡದ ಕಾವಲನ್ನು ಕೇಳಿ ಪಡೆದಿದ್ದಾನೆ! ಯಾನೀನಾ ಅವನ ಬೆನ್ನನ್ನೇ ನೋಡುತ್ತ ನಿಂತಳು. 'ನನ್ನ ಜೊತೆ ಇರೋದಕ್ಕಿಂತ ಅದೇ ವಾಸಿ ಅನ್ನಿಸ್ತಾ ನಿನಗೆ...'

ಮರುದಿನ ಬೆಳಿಗ್ಗೆ ಏಳಕ್ಕೆ ಕಾವಲು ಅವಳದು. ರಜೆಯ ದಿನ. ಬೀದಿಯೆಲ್ಲ ನಿದ್ದೆಯಲ್ಲಿತ್ತು. ಗೇಟು ತೆರೆದು ಒಳಗೆ ಕಾಲಿಟ್ಟಾಗ ಮೇಲಿನಿಂದ ಸದ್ದು ಕೇಳಿಸಿತು.

ಟಕ್. ಟಕ್. ಟಕ್.

ಅವಳು ಮೆಟ್ಟಿಲು ಹತ್ತಿದಳು. ಸದ್ದು ಬಂದದ್ದು ಏಳನೇ ನಂಬರಿನ ಮನೆಯಿಂದ. ದೊಡ್ಡ ಕಿಟಕಿಯಿಂದ ಇಡೀ ಕೊಲ್ಲಿ ಕಾಣುವ ಮನೆ. ಎಲ್ಲರ ಕಣ್ಣೂ ಇದ್ದ ಮನೆ!

ಬಚ್ಚಲಿನಲ್ಲಿ ಗಾಸ್ತೋನ್ ಮಂಡಿಯೂರಿದ್ದ. ಹಾಕಿ ಮುಗಿಸಿದ್ದ ನೆಲವನ್ನು ಅಗೆದು, ನೀರು ತಡೆಯುವ ಹೊಸ ಡಾಂಬರು ಹಾಳೆ ಹಾಸಿ, ಅದರ ಮೇಲೆ ಹೊಸ ಟೈಲ್ಸು ಕೂರಿಸುತ್ತಿದ್ದ. ಪಕ್ಕದಲ್ಲಿ ಬಾಯಿ ಕಟ್ಟಿದ ಒಂದು ಮೂಟೆ.

"ಏನಿದು?"

ಅವನ ಕೈಯಿಂದ ಕರಣೆ ಜಾರಿ ಬಿತ್ತು.

"ಯಾನೀನಾ... ನೀನು ಬರೋದು ಏಳಕ್ಕಲ್ವಾ?"

"ಏಳು ಹೊಡೆದಾಯ್ತು. ಏನಿದು ಅಂದೆ!"

"ಸಣ್ಣ ರಿಪೇರಿ. ನೀರು ಜಿನುಗ್ತಿತ್ತು."

"ಹಾಗಿದ್ರೆ ಮೇಸ್ತ್ರಿಗೆ ಯಾಕೆ ಹೇಳಿಲ್ಲ? ಯಾರ ಕೆಲಸ ಇದು, ಯಾರು ಕೆಡಿಸಿದ್ದು?"

ಅವನು ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಗೊತ್ತಿಲ್ಲ."

ಸುಳ್ಳು! ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕುತ್ತಿಗೆಯವರೆಗೆ ಕೆಂಪಾಗಿದ್ದ.

ಯಾನೀನಾ ದೊಡ್ಡ ಕಿಟಕಿಯತ್ತ ಕೈ ಚಾಚಿದಳು. "ಕೊಲ್ಲಿ ಕಾಣೋ ಮನೆ. ಯಾರೂ ಇಲ್ಲದ ದಿನ. ಕದ್ದು ಕದ್ದು ಚಂದ ಮಾಡ್ತಿದ್ದೀಯಾ! ಚೀಟೀಲಿ ಇದು ನಿನಗೇ ಬರುತ್ತೆ ಅಂತ ಯಾರು ಹೇಳಿದ್ದು? ಯಾರ ಜೊತೆ ಮಾತಾಡಿಕೊಂಡಿದ್ದೀಯಾ?"

"ಹಾಗಲ್ಲ..."

"ಮತ್ತೆ ಹೇಗೆ? ಹೇಳು! ಒಂದು ಮಾತು ಹೇಳು, ನಂಬ್ತೀನಿ!"

ಗಾಸ್ತೋನ್ ಬಿದ್ದ ಕರಣೆಯನ್ನು ಎತ್ತಿಕೊಂಡು ಮತ್ತೆ ಟೈಲ್ಸಿನತ್ತ ಬಗ್ಗಿದ.

"ಯಾರ ಪಾಲಿಗೆ ಬರುತ್ತೋ ಅವರದು ಅಂತ ಭಾಷಣ ಬಿಗಿದಿದ್ಯಲ್ಲೋ! ಥೂ!"

---

ಯಾನೀನಾ ಕೆಲಸದ ಸಮಿತಿಗೆ ಆಯ್ಕೆಯಾದವಳು. ದೂರು ಕೊಡುವುದು ಅವಳ ಕರ್ತವ್ಯ. ಕೊಟ್ಟಳು.

ವಿಷಯ ಬೆಂಕಿಯಂತೆ ಹಬ್ಬಿತು. ಬುಧವಾರದ ಸಭೆಯಲ್ಲಿ ಮಿರ್ತಾ ಬೆಂಚಿನ ಮೇಲೆ ಹತ್ತಿ ನಿಂತಳು.

"ನನ್ನ ಐದು ಮಕ್ಕಳು ಒಂದೇ ಹಾಸಿಗೇಲಿ ಮಲಗ್ತಾವೆ! ನಾನು ಯಾವ ಮನೆ ಬಂದ್ರೂ ಸರಿ ಅಂತ ಕಲ್ಲು ಹೊತ್ತಿದ್ದೀನಿ. ಈ ದೊರೆಗೆ ಸಮುದ್ರ ಕಾಣೋ ಬಚ್ಚಲು ಬೇಕಂತಾ? ಹೊರಗೆ ಹಾಕಿ!"

"ಗಾಸ್ತೋನ್, ಏನಾದ್ರೂ ಹೇಳಪ್ಪ," ಎಂದ ಎಲ್ಬಿಯೊ ಮೇಸ್ತ್ರಿ, ಬೇಡುವ ದನಿಯಲ್ಲಿ.

"ನನಗೆ ಹೇಳೋದೇನಿಲ್ಲ ಮೇಸ್ತ್ರಿ."

ಶನಿವಾರ ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಹಿಂದಿನ ವರ್ಷ ಕೆಲಸದಲ್ಲಿ ಸುಳ್ಳು ಹೇಳಿದ್ದ ಒಬ್ಬನನ್ನು ಸಭೆ ಇದೇ ರೀತಿ ಹೊರಗೆ ಹಾಕಿತ್ತು. ಹೋದರೆ ಹೋದಂತೆ. ಮನೆಯೂ ಇಲ್ಲ, ಸುರಿಸಿದ ಬೆವರೂ ಇಲ್ಲ.

ಮೂರು ದಿನ ಯಾನೀನಾ ಸರಿಯಾಗಿ ಉಣ್ಣಲಿಲ್ಲ. ವಠಾರದ ಅಡಿಗೆಮನೆಯಲ್ಲಿ, ಒಲೆಗೆ ಕಾದು ನಿಂತವರ ಸಾಲಿನಲ್ಲಿ, ನೆಲ್ಲಿ ಮಗಳ ಮುಖ ನೋಡಿದಳು.

"ಅವನು ಕಳ್ಳ ಅಂತ ನಿನ್ನ ಮನಸ್ಸು ಹೇಳುತ್ತಾ?"

"ಕಣ್ಣಾರೆ ಕಂಡಿದ್ದೀನಮ್ಮ!"

"ಕಣ್ಣಿನ ಮಾತು ಕೇಳಲಿಲ್ಲ ನಾನು."

"ಅವನ ಪರ ಮಾತಾಡಬೇಡ!" ಯಾನೀನಾ ಪಾತ್ರೆ ಕುಕ್ಕಿದಳು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಸಿಟ್ಟಿಗೋ... ಅವಳೇ ಅರಿಯಳು.

ಶನಿವಾರ ಸಭೆ ಶುರುವಾಗುವ ಮುನ್ನ ಮೇಸ್ತ್ರಿ ಕೇಳಿದ: "ಸಾಕ್ಷಿ ಏನಿದೆ ಮಗಳೇ? ಬಾಯಿಮಾತಿಗೆ ಒಬ್ಬನ ಸೂರು ಕಿತ್ತುಕೊಳ್ಳೋಕಾಗಲ್ಲ."

"ಅಗೆದ ನೆಲದ ಚೂರುಗಳನ್ನ ಮೂಟೆ ಕಟ್ಟಿದ್ದ. ಏಳನೇ ನಂಬರಲ್ಲೇ ಇದೆ. ತರ್ತೀನಿ!"

ಅವಳು ಓಡಿದಳು. ಮೂಟೆ ಬಾಗಿಲ ಹಿಂದೆಯೇ ಇತ್ತು. ಎಳೆದರೆ ಬರದಷ್ಟು ಭಾರ. ಅರ್ಧ ಖಾಲಿ ಮಾಡಿ ಒಯ್ಯೋಣವೆಂದು ಹಗ್ಗ ಬಿಚ್ಚಿ, ಮೇಲಿದ್ದ ಸಿಮೆಂಟಿನ ದೊಡ್ಡ ತುಂಡನ್ನು ಎತ್ತಿದಳು.

ಅದರ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು.

ಯಾನೀನಾ. ಜೂನ್ 20. ನೀರು ನಿಲ್ಲಿಸಿ ನೋಡಿದೆ.

ಅವಳದೇ ಕೈಬರಹ.

ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು.

ಜೂನ್! ಬಚ್ಚಲಿನ ಡಾಂಬರು ಹಾಳೆ ಹಾಸಿದ ಮೇಲೆ, ಎರಡು ಹಗಲು ಎರಡು ರಾತ್ರಿ ನೀರು ತುಂಬಿಸಿ, ಸೋರುವುದಿಲ್ಲವೆಂದು ನೋಡಿಯೇ ಸಿಮೆಂಟು ಹಾಕಬೇಕು. ಅವಳು ನೀರು ತುಂಬಿಸುವ ಹೊತ್ತಿಗೇ ಸುದ್ದಿ ಬಂದಿತ್ತು. ಅಮ್ಮ ವಠಾರದ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ವಾರದ ಮೇಲೆ ಮರಳಿದಾಗ ಗಾಸ್ತೋನನೂ ಸೇರಿ ಟೈಲ್ಸಿನವರು ಕಾದು ನಿಂತಿದ್ದರು. "ನೋಡಿದ್ದೀಯಾ?" ಎಂದಿದ್ದರು. "ನೋಡಿದ್ದೀನಿ" ಎಂದು ಸಿಮೆಂಟು ಹಾಕಿ ಹೆಸರು ಗೀಚಿದ್ದಳು.

ಸಣ್ಣ ಸುಳ್ಳು. ಎಷ್ಟು ಸಣ್ಣದೆಂದರೆ, ಹನ್ನೆರಡು ಬಚ್ಚಲುಗಳಲ್ಲಿ ಅದು ಯಾವುದೆಂಬುದನ್ನೂ ತಾನೇ ಮರೆತುಬಿಟ್ಟಿದ್ದಳು... ಅಥವಾ ಮರೆತೆನೆಂದು ನಂಬಿಕೊಂಡಿದ್ದಳು.

ಅದನ್ನೇ ಅವನು ಮುಚ್ಚಿಹಾಕುತ್ತಿದ್ದ. ಯಾರಿಗೂ ಹೇಳದೆ. ಅವಳಿಗೂ ಹೇಳದೆ!

'ಮೂಟೆ ಸಿಗಲಿಲ್ಲ ಅನ್ನು,' ಎಂದಿತು ಒಳಗಿನ ಒಂದು ದನಿ. 'ಅಮ್ಮನ ಕಾಲು ನೆನೆಸಿಕೋ. ಒಂಬತ್ತು ವರ್ಷ ಕಾದದ್ದು ನೆನೆಸಿಕೋ. ಅವನು ಹೇಗೂ ಬಾಯಿ ಬಿಡಲ್ಲ...'

ಬಿಡುವುದಿಲ್ಲ. ಬೀದಿಗೆ ಬಿದ್ದರೂ ಬಿಡುವುದಿಲ್ಲ, ಆ ಮೂರ್ಖ!

ಯಾನೀನಾಳಿಗೆ ಅಳು ಬರಲಿಲ್ಲ. ಹಲ್ಲು ಕಟಕಟನೆ ಕಡಿಯುವಷ್ಟು ಸಿಟ್ಟು ಬಂತು. ತುಂಡನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

---

ದಢ್!

ಸಿಮೆಂಟಿನ ತುಂಡು ಕ್ಲಬ್ಬಿನ ಮೇಜಿನ ಮೇಲೆ ಬಿತ್ತು. ಮಾಟೆಯ ಬುರುಡೆ ಉರುಳಿತು.

"ಓದಿ ಮೇಸ್ತ್ರಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ಮೇಸ್ತ್ರಿ ಕನ್ನಡಕ ಏರಿಸಿ ಓದಿದ. ಮುಂದಿನ ಸಾಲಿನವರು ಬಗ್ಗಿ ನೋಡಿದರು.

"ಸುಳ್ಳು ಬರೆದಿದ್ದೀನಿ," ಎಂದಳು ಯಾನೀನಾ. "ನೀರು ನಿಲ್ಲಿಸಿ ನೋಡಲೇ ಇಲ್ಲ. ಮೂಲೇಲಿ ಹಾಳೆ ಗೋಡೆ ಮೇಲಕ್ಕೆ ಮಡಚಿಲ್ಲ. ಕೆಳಗಿನ ನಾಲ್ಕನೇ ನಂಬರಿನ ಸೂರು ಸೋರೋದಿತ್ತು, ನನ್ನಿಂದ. ಇವನು ಕದೀಲಿಲ್ಲ. ನನ್ನ ಕಳ್ಳತನ ಮುಚ್ಚಿಹಾಕ್ತಿದ್ದ."

"ಯಾನೀನಾ, ಬೇಡ..." ಗಾಸ್ತೋನ್ ಎದ್ದು ನಿಂತ. "ಅವಳ ತಪ್ಪಲ್ಲ! ಅವತ್ತು ಅವಳಮ್ಮ..."

"ನೀನು ಕೂತ್ಕೋ!"

ಆ ಕೂಗಿಗೆ ಅವನೊಬ್ಬನೇ ಅಲ್ಲ, ನಿಂತಿದ್ದ ಇನ್ನೂ ಮೂವರು ಕೂತರು.

"ಮೊದಲ ದಿನ ನನ್ನ ಗೋಡೆ ಎಲ್ಲರೆದುರಿಗೆ ಒದ್ದೆಯಲ್ಲ, ನೆನಪಿದೆಯಾ? ಆರು ತಿಂಗಳು ನಿನ್ನ ಶಪಿಸಿದೆ. ಆದ್ರೆ ಅವತ್ತು ನನ್ನ ಸರಿಸಮ ಅಂತ ನೋಡಿದ್ದೆ ನೀನು! ಇವಳು ಒಡೆದು ಮತ್ತೆ ಕಟ್ಟಬಲ್ಲಳು ಅಂತ ನಂಬಿದ್ದೆ! ಈಗ? ಪಾಪ, ಗೊತ್ತಾದ್ರೆ ತಡ್ಕೊಳಲ್ಲ ಅಂದ್ಕೊಂಡ್ಯಾ? ನನ್ನ ಬೆನ್ನ ಹಿಂದೆ ನನ್ನ ತಪ್ಪು ತಿದ್ದೋಕೆ ಯಾರು ಹೇಳಿದ್ರು ನಿನಗೆ?"

"ನಿನ್ನ ಹೊರಗೆ ಹಾಕ್ತಿದ್ರು!"

"ಹಾಕಲಿ! ನನ್ನ ಹತ್ತಿರ ಬಂದು, ನೀನು ಸುಳ್ಳು ಹೇಳಿದ್ದೀಯಾ ಯಾನೀನಾ ಅನ್ನಬೇಕಿತ್ತು! ನಾನೇ ಅಗೀತಿದ್ದೆ! ನಿನ್ನ ಮೇಲೆ ದೂರು ಕೊಟ್ಟು, ಮೂರು ದಿನ ನಿನ್ನ ಕಳ್ಳ ಅಂತ... ನನ್ನನ್ನ ಏನು ಮಾಡಿಬಿಟ್ಟೆ ನೀನು!"

ಅವರಿಬ್ಬರನ್ನೂ ಹೊರಗೆ ಕಳಿಸಿ, ಉಳಿದ ಹತ್ತು ಕುಟುಂಬಗಳು ಒಂದು ಗಂಟೆ ಮಾತಾಡಿದವು. ಕೊನೆಗೆ ಕೈಯೆತ್ತಿದಾಗ, ಯಾನೀನಾಳನ್ನು ಹೊರಹಾಕಬೇಕೆಂದವರು ನಾಲ್ಕು, ಬೇಡವೆಂದವರು ಆರು.

ಆ ಆರರಲ್ಲಿ ಮಿರ್ತಾಳ ಕೈಯೂ ಇತ್ತು!

"ತನ್ನ ಕಲ್ಲು ತಾನೇ ಹೊತ್ತು ತಂದಳಲ್ಲ," ಎಂದು ಗೊಣಗಿದಳು. "ಅಲ್ಲದೆ ಇವಳು ಹೋದ್ರೆ ನಾನು ಜಗಳ ಆಡೋದಾದ್ರೂ ಯಾರ ಜೊತೆ?"

ಶಿಕ್ಷೆಯಂತೂ ತಪ್ಪಲಿಲ್ಲ. ಯಾನೀನಾ ಸಮಿತಿ ಬಿಡಬೇಕು. ಹನ್ನೆರಡೂ ಬಚ್ಚಲುಗಳನ್ನು ಮತ್ತೆ ನೀರು ನಿಲ್ಲಿಸಿ ನೋಡಬೇಕು. ಚೀಟಿ ಎತ್ತುವ ದಿನ ಅವಳೂ ಗಾಸ್ತೋನನೂ ಎಲ್ಲರಿಗಿಂತ ಕೊನೆಗೆ ಎತ್ತಬೇಕು.

ಸಭೆ ಮುಗಿದಾಗ ಬಾಗಿಲ ಹೊರಗೆ ಕೊಲ್ಲಿಯ ಮೇಲಿನ ಗಾಳಿ ಮುಖಕ್ಕೆ ರಾಚುತ್ತಿತ್ತು. ಗಾಸ್ತೋನ್ ಹಿಂದೆಯೇ ಬಂದ.

"ಯಾನೀನಾ, ನಾನು ಹಾಗೆ ಮಾಡಿದ್ದು ಯಾಕಂದ್ರೆ... ನಿನ್ನ ಮೇಲೆ ನನಗೆ..."

"ಹೇಳಬೇಡ! ಈಗ ಹೇಳಬೇಡ! ಈಗ ಹೇಳಿದ್ರೆ ಆ ಸಿಮೆಂಟಿನ ತುಂಡು ನಿನ್ನ ತಲೆ ಮೇಲೆ ಬೀಳುತ್ತೆ!"

---

ಎರಡೂವರೆ ತಿಂಗಳು ಅವರ ನಡುವೆ ಇದ್ದದ್ದು ಎರಡೇ ಮಾತು. "ಮರಳು." "ನೀರು."

ಯಾನೀನಾ ಒಂದೊಂದೇ ಬಚ್ಚಲಿಗೆ ನೀರು ತುಂಬಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಒಂದು ಸಂಜೆ ಕುರ್ಚಿಯ ಮೇಲೆ ಯಾರೋ ಒಂದು ಜೊತೆ ಹೊಸ ಕೈಗವಸು ಇಟ್ಟುಹೋಗಿದ್ದರು. ಯಾರೆಂದು ಅವಳು ಕೇಳಲಿಲ್ಲ. ಹಾಕಿಕೊಳ್ಳಲೂ ಇಲ್ಲ. ಹಾಗೆಂದು ಹಿಂದಿರುಗಿಸಲೂ ಇಲ್ಲ.

ನವೆಂಬರಿನಲ್ಲಿ ಕೊನೆಯ ಗೋಡೆ ಉಳಿದಿತ್ತು, ಶಿಶುವಿಹಾರದ ಅಂಗಳದ್ದು. ಅದನ್ನು ಯಾನೀನಾ ಒಬ್ಬಳೇ ಕಟ್ಟಿದಳು. ಸೊಂಟದೆತ್ತರ ಎದ್ದಾಗ ಗಾಸ್ತೋನ್ ತೂಗುಗುಂಡು ಹಿಡಿದು ಬಂದ.

ದಾರ ಇಳಿಯಿತು. ಬುಡದಲ್ಲಿ ಎರಡು ಬೆರಳು ದೂರ ನಿಂತಿತು.

ನೆಲ್ಲಿ ಕರಿಯುತ್ತಿದ್ದ ರೊಟ್ಟಿಯನ್ನು ಮರೆತಳು. ಗಾಸ್ತೋನ್ ದಾರವನ್ನು ನೋಡಿದ. ಅವಳನ್ನು ನೋಡಿದ. ಅವನ ಮುಖದ ಬಣ್ಣ ಏರಿತು, ಇಳಿಯಿತು.

'ಮುಚ್ಚಿಹಾಕ್ತೀಯಾ?' ಯಾನೀನಾ ಅವನ ಬೂಟನ್ನೇ ನೋಡಿದಳು. 'ಪರವಾಗಿಲ್ಲ ಬಿಡು ಅಂತೀಯಾ? ಹೇಳು...'

ಬೂಟುಗಾಲು ಎದ್ದಿತು.

ದಡದಡ!

ಧೂಳು ಇಳಿದಾಗ ಯಾನೀನಾಳ ಕೆನ್ನೆ ಒದ್ದೆಯಾಗಿತ್ತು. ಹುಚ್ಚಿಯ ಹಾಗೆ ನಗುತ್ತಿದ್ದಳು!

"ನಿಂತು ನೋಡ್ತೀಯೇನು? ಇಟ್ಟಿಗೆ ಕೆರಿ!" ಎಂದಳು.

ಜೇಬಿನಿಂದ ಕೈಗವಸು ತೆಗೆದು ಹಾಕಿಕೊಂಡಳು.

---

ಫೆಬ್ರವರಿಯಲ್ಲಿ ಚೀಟಿ ಎತ್ತಿದರು. ಬೀದಿಗೆ ಬೀದಿಯೇ ಸೇರಿತ್ತು. ಏಳನೇ ನಂಬರು ಒಂದು ಮುದಿ ದಂಪತಿಗೆ ಬಂತು. ನಾಲ್ಕನೆಯದು ಮಿರ್ತಾಳಿಗೆ! ಅವಳು ಚೀಟಿ ಓದಿ, ಸೊಂಟದ ಮೇಲೆ ಕೈಯಿಟ್ಟು ಯಾನೀನಾಳತ್ತ ತಿರುಗಿದಳು.

"ಸೋರಲ್ಲ ತಾನೇ?"

"ಸೋರಿದ್ರೆ ನಾನೇ ಬಂದು ಕೊಡೆ ಹಿಡೀತೀನಿ!"

ಜನ ಗೊಳ್ಳೆಂದು ನಕ್ಕರು. ಕೊನೆಗೆ ಎರಡು ಚೀಟಿ ಉಳಿದವು. ಯಾನೀನಾಳಿಗೆ ಎರಡನೇ ನಂಬರು ಬಂತು. ನೆಲಮಹಡಿ, ಹಿಂಭಾಗ, ಕೊಲ್ಲಿಯ ಚೂರೂ ಕಾಣದು. ಆದರೆ ಅಮ್ಮ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ನೆಲ್ಲಿ ಗೋಡೆಗೆ ಕೆನ್ನೆಯೊತ್ತಿ ನಿಂತೇಬಿಟ್ಟಳು. ಗಾಸ್ತೋನನಿಗೆ ಹನ್ನೆರಡು. ತುತ್ತತುದಿ, ಮೂರು ಕಿಟಕಿ ತುಂಬ ನೀರು.

ಸಂಜೆ ಅವನು ಅವಳ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು.

"ಸಮುದ್ರ ಕಾಣೋ ಬಚ್ಚಲು ಸಿಕ್ತಲ್ಲ, ದೊರೆ," ಎಂದಳು ಯಾನೀನಾ.

"ಹ್ಞೂಂ." ಅವನು ಟೋಪಿಯ ಅಂಚು ಸವರಿದ. "ಕಾಯೋರ ಪಟ್ಟೀಲಿ ಮೊದಲ ಹೆಸರು ಯಾರದು ಗೊತ್ತಾ? ಮೀನು ಮಾರ್ಕೆಟ್ಟಿನ ಹಿಂದೆ ಒಂದೇ ಕೋಣೇಲಿ ಇರೋರು. ಗಂಡ, ಹೆಂಡತಿ, ಮೂರು ಕೂಸು."

"ಗೊತ್ತು. ಅದಕ್ಕೇನೀಗ?"

"ಹನ್ನೆರಡು ಮನೆ. ಹನ್ನೆರಡು ಕುಟುಂಬ. ಹನ್ನೆರಡರಲ್ಲಿ ಎರಡು... ಒಂದಾಗಿಬಿಟ್ರೆ... ಒಂದು ಮನೆ ಉಳಿಯುತ್ತೆ. ಲೆಕ್ಕ ಅಷ್ಟೇ."

ಯಾನೀನಾ ಅವನನ್ನೇ ದಿಟ್ಟಿಸಿದಳು.

"ಲೆಕ್ಕ ಅಷ್ಟೇನಾ?"

"ಅಲ್ಲ." ಅವನು ತಲೆಯೆತ್ತಿದ. "ಆ ಮೊದಲ ಗೋಡೆ ಒದ್ದ ದಿನದಿಂದ ನಿನ್ನ ಪ್ರೀತಿಸ್ತಿದ್ದೀನಿ. ಬಚ್ಚಲಿನ ವಿಷಯ ನಿನಗೆ ಹೇಳದೆ ತಪ್ಪು ಮಾಡಿದೆ. ಇನ್ನು ಮೇಲೆ ಮುಚ್ಚಿಡಲ್ಲ. ಬೇಕಿದ್ರೆ ಹಸಿ ಸಿಮೆಂಟಿನ ಮೇಲೆ ಗೀಚಿಕೊಡ್ತೀನಿ."

"ಕೊಲ್ಲಿ ಕಾಣಲ್ಲ ಇಲ್ಲಿಂದ."

"ನೋಡಿದ್ದಾಯ್ತು ಕೊಲ್ಲೀನ."

"ಅಮ್ಮನಿಗೆ ಮಾಟೆ ಕುಡಿಯೋ ಮುಂಚೆ ಯಾರನ್ನ ಕಂಡ್ರೂ ಆಗಲ್ಲ."

"ನನಗೆ ಕೇಳುತ್ತೆ ಕಣೇ!" ಒಳಗಿನಿಂದ ನೆಲ್ಲಿ ಕೂಗಿದಳು. "ಅವನನ್ನ ಬಾಗಿಲಲ್ಲೇ ನಿಲ್ಲಿಸಿದ್ದೀಯಲ್ಲ, ಒಳಗೆ ಗಾಳಿ ಬರ್ತಿದೆ!"

ಯಾನೀನಾ ನಕ್ಕು, ಸಿಮೆಂಟಿನಿಂದ ಒರಟಾದ ಅವನ ಕೈಯನ್ನು ತನ್ನ ಒರಟು ಕೈಯೊಳಗೆ ಹಿಡಿದುಕೊಂಡಳು. ಹೊಸ್ತಿಲು ದಾಟುವಾಗ ಗಾಸ್ತೋನ್ ನಿಂತ.

"ಒಂದು ಕೇಳಲಾ? ಎರಡು ವರ್ಷ ಗೋಡೆ ಕಟ್ಟಿದ ಕೈ ಇದು. ನವೆಂಬರಿನ ಆ ಗೋಡೆ... ಸರಿಯಾಗಿ ಎರಡೇ ಬೆರಳು ಸೊಟ್ಟ. ಬೇಕಂತಲೇ ಕಟ್ಟಿದ್ದೆ ತಾನೇ?"

"ಮುಚ್ಚಿಡಲ್ಲ ಅಂತ ಮಾತು ಕೊಟ್ಟಿದ್ದು ನೀನು," ಎಂದಳು ಯಾನೀನಾ, ಅವನನ್ನು ಒಳಗೆಳೆದುಕೊಳ್ಳುತ್ತ. "ನಾನಲ್ಲ!"